ಕಾಣಲಿಲ್ಲ ಎಂದು ಬರೆದವರು

ಜಯಂತ ನಾರ್ಳೀಕರ್ ಅವರ ‘ಧೂಮಕೇತು’ ಕತೆ ನಮ್ಮಲ್ಲಿ ಹಲವರಿಗೆ ಮೊದಲು ಸಿಕ್ಕಿದ್ದು ಪಾಠವಾಗಿ. ಎನ್‌ಸಿಇಆರ್‌ಟಿಯ ಎಂಟನೇ ತರಗತಿಯ ಇಂಗ್ಲಿಷ್ ಪೂರಕ ಪುಸ್ತಕ ‘ಇಟ್ ಸೋ ಹ್ಯಾಪನ್ಡ್’ನಲ್ಲಿ ಅದು ‘ದಿ ಕಾಮೆಟ್’ ಎಂಬ ಹೆಸರಿನಲ್ಲಿ ಎರಡು ಭಾಗವಾಗಿ ಬಂದಿತ್ತು. ಸೆಂಟ್ರಲ್ ಸಿಲೆಬಸ್ಸಿನಲ್ಲಿ ಓದಿದವರು ಪ್ರಶ್ನೋತ್ತರ ಬರೆದು, ಪರೀಕ್ಷೆ ಮುಗಿಸಿ, ಮರೆತಿರುತ್ತಾರೆ. 2025ರ ಮೇ 20ರಂದು ನಾರ್ಳೀಕರ್ ಪುಣೆಯಲ್ಲಿ ತೀರಿಕೊಂಡ ಮೇಲೆ ನಾನು ಅದನ್ನು ಮತ್ತೆ ಓದಿದೆ. ಜೊತೆಗೆ ಅವರ ಇನ್ನೆರಡು ಬರಹಗಳನ್ನೂ ನೋಡಿದೆ. ಅವು ಕತೆಗಳಲ್ಲ, ಸಂಶೋಧನಾ ಲೇಖನಗಳು. ಮೂರನ್ನೂ ಅಕ್ಕಪಕ್ಕ ಇಟ್ಟಾಗ ಒಂದು ವಿಚಿತ್ರ ಕಂಡಿತು. ವಿಜ್ಞಾನಿ ನಾರ್ಳೀಕರರಿಗೆ ಚೆನ್ನಾಗಿ ಗೊತ್ತಿದ್ದ ಒಂದು ಸಂಗತಿ ಕತೆಗಾರ ನಾರ್ಳೀಕರರಿಗೆ ಒದಗಿಬರಲಿಲ್ಲ. ಆ ಸಂಗತಿ ಪುಣೆಯ, ಬೆಂಗಳೂರಿನ, ಎಲ್ಲ ಊರಿನ ಹವ್ಯಾಸಿ ಖಗೋಳ ವೀಕ್ಷಕರ ನಿತ್ಯದ ಅನುಭವ. ನಮ್ಮ ಸಾಹಿತ್ಯಕ್ಕೂ ಅದರಿಂದ ಕಲಿಯುವುದು ಇದೆ ಎಂದು ನನ್ನ ವಾದ.

ಮೊದಲು ಕತೆ. ಕೋಲ್ಕತ್ತದ ದತ್ತಾ ನಿವೃತ್ತರಾದ ಮೇಲೆ ಒಂದು ದೂರದರ್ಶಕ ಕೊಂಡಿದ್ದಾರೆ. ಎಲ್ಲರೂ ಅವರನ್ನು ಕರೆಯುವುದು ದತ್ತಾದಾ ಎಂದು, ಅಂದರೆ ದತ್ತಣ್ಣ. ದೂರದರ್ಶಕಕ್ಕೆ ‘ದಿವ್ಯಚಕ್ಷು’ ಎಂದು ಹೆಸರಿಟ್ಟಿದ್ದಾರೆ. ಹೆಂಡತಿ ಇಂದ್ರಾಣಿಯ ಪಾಲಿಗೆ ಅದು ಸವತಿ. ಚಳಿಗಾಲದ ನಡುರಾತ್ರಿ ಎಚ್ಚರವಾದರೆ ಗಂಡ ಹಾಸಿಗೆಯಲ್ಲಿ ಇರುವುದಿಲ್ಲ. ದತ್ತಾದಾ ಅವರಿಗೆ ಇರುವುದು ಒಂದೇ ಆಸೆ, ಒಂದು ಹೊಸ ಧೂಮಕೇತುವನ್ನು ಕಾಣಬೇಕು. ದೊಡ್ಡ ವೀಕ್ಷಣಾಲಯದವರು ದೂರದ ಮಸುಕು ನಕ್ಷತ್ರಗಳ ಹಿಂದೆ ಬಿದ್ದಿರುವಾಗ, ಹತ್ತಿರಕ್ಕೆ ಬಂದ ಧೂಮಕೇತು ತನ್ನಂಥ ಹವ್ಯಾಸಿಯ ಕಣ್ಣಿಗೇ ಮೊದಲು ಬೀಳಬಹುದು ಎಂಬ ಲೆಕ್ಕ ಅವರದು. ಹಾಗೇ ಆಗುತ್ತದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಅದನ್ನು ಖಚಿತಪಡಿಸುತ್ತದೆ. ಧೂಮಕೇತುವಿಗೆ ದತ್ತಾ ಹೆಸರು ಬರುತ್ತದೆ. ಸನ್ಮಾನ, ಹಾರ, ಭಾಷಣ. ನಾಚಿಕೆಯ ದತ್ತಾದಾ ಇದರಲ್ಲೇ ಹೈರಾಣಾಗುತ್ತಾರೆ. ಧೂಮಕೇತು ಅಪಶಕುನ ಎಂದು ಇಂದ್ರಾಣಿಗೆ ಒಳಗೊಳಗೇ ಅಳುಕು.

ಎರಡನೇ ಭಾಗದಲ್ಲಿ ಕತೆ ಇಂಗ್ಲೆಂಡಿಗೆ ಹಾರುತ್ತದೆ. ಧೂಮಕೇತು ಭೂಮಿಗೆ ಬಡಿಯಲಿದೆ ಎಂದು ಕೇಂಬ್ರಿಜಿನ ವಿಜ್ಞಾನಿಯೊಬ್ಬ ಲೆಕ್ಕ ಹಾಕುತ್ತಾನೆ. ಸರ್ಕಾರದ ಸಲಹೆಗಾರ ಆ ಲೇಖನ ಅಚ್ಚಾಗದಂತೆ ತಡೆಯುತ್ತಾನೆ. ಗುಟ್ಟಿನಲ್ಲಿ ತಜ್ಞರ ಸಭೆ ಸೇರುತ್ತದೆ. ಅಣುಸ್ಫೋಟದಿಂದ ಧೂಮಕೇತುವಿನ ದಾರಿ ತಪ್ಪಿಸುವ ಯೋಜನೆ ಸಿದ್ಧವಾಗುತ್ತದೆ. ಇತ್ತ ಮನೆಯಲ್ಲಿ ಶಾಂತಿಗಾಗಿ ಯಜ್ಞ. ಯೋಜನೆ ಗೆಲ್ಲುತ್ತದೆ, ಭೂಮಿ ಉಳಿಯುತ್ತದೆ. ಉಳಿದದ್ದು ಯಜ್ಞದಿಂದ ಎಂದು ಇಂದ್ರಾಣಿ ನಂಬುತ್ತಾರೆ. ದತ್ತಾದಾ ನಿಟ್ಟುಸಿರಿಡುತ್ತಾರೆ.

ಕತೆ ಸರಳ, ಓಟ ಚೆನ್ನಾಗಿದೆ. ದತ್ತಾದಾ ಮತ್ತು ಇಂದ್ರಾಣಿಯ ನಡುವಿನ ಮುನಿಸು–ಅಕ್ಕರೆ ನಿಜವಾದ ಸಂಸಾರದ್ದು. ನಮ್ಮ ದೇಶದ ಒಬ್ಬ ನಿವೃತ್ತ ನೌಕರನನ್ನು ಖಗೋಳ ವಿಜ್ಞಾನದ ಕತೆಯ ನಾಯಕನನ್ನಾಗಿ ಮಾಡಿದ್ದೇ ದೊಡ್ಡ ಮಾತು. ಆದರೂ ಎರಡು ಕಡೆ ಕತೆ ಕೈಕೊಡುತ್ತದೆ.

ಒಂದು, ಧೂಮಕೇತು ಸಿಕ್ಕ ಮೇಲೆ ದತ್ತಾದಾ ಅವರಿಗೆ ಕೆಲಸವೇ ಇಲ್ಲ. ಅವರು ಸನ್ಮಾನಕ್ಕೆ ಹೋಗುತ್ತಾರೆ, ಇಂಗ್ಲೆಂಡಿಗೆ ಅತಿಥಿಯಾಗಿ ಹೋಗುತ್ತಾರೆ, ಮನೆಗೆ ಬಂದು ಯಜ್ಞ ನೋಡಿ ಬೇಸರಪಡುತ್ತಾರೆ. ದಿವ್ಯಚಕ್ಷು ಮೂಲೆ ಸೇರುತ್ತದೆ. ಕತೆಗೆ ಬೇಕಾಗಿದ್ದದ್ದು ಅವರ ಅದೃಷ್ಟದ ಒಂದು ರಾತ್ರಿ ಮಾತ್ರ. ಅದಕ್ಕೆ ಮುಂಚಿನ ನೂರಾರು ಬರಿಗೈ ರಾತ್ರಿಗಳ ಲೆಕ್ಕ ಕತೆಗೆ ಬೇಡ.

ಎರಡನೆಯದು ಇನ್ನೂ ಗಂಭೀರ. ಕತೆ ವಿಚಾರವಂತಿಕೆಯ ಪರ ಎಂದು ಹೇಳಿಕೊಳ್ಳುತ್ತದೆ. ಆದರೆ ಅದರೊಳಗೆ ವಿಜ್ಞಾನ ನಡೆಯುವುದು ಬಾಗಿಲು ಮುಚ್ಚಿದ ಕೋಣೆಯಲ್ಲಿ, ಯಜ್ಞ ನಡೆಯುವುದು ಎಲ್ಲರ ಕಣ್ಣೆದುರು. ಧೂಮಕೇತುವಿನ ದಾರಿ ತಪ್ಪಿದ್ದು ಅಣುಸ್ಫೋಟದಿಂದ ಎಂದು ಇಂದ್ರಾಣಿ ಯಾವ ಆಧಾರದ ಮೇಲೆ ಒಪ್ಪಬೇಕು? ದೊಡ್ಡವರು ಹೇಳಿದರು ಎಂದೇ? ಪುರೋಹಿತರೂ ದೊಡ್ಡವರೇ. ನಂಬಿಕೆಯನ್ನು ಒಬ್ಬರಿಂದ ತೆಗೆದು ಇನ್ನೊಬ್ಬರ ಕೈಗೆ ಕೊಡಿ ಎಂದಷ್ಟೇ ಕತೆ ಕೇಳಿದಂತಾಯಿತು. ತಾನೇ ನೋಡಿ, ತಾನೇ ತಾಳೆ ಹಾಕುವ ದಾರಿಯನ್ನು ಇಂದ್ರಾಣಿಗೆ ತೋರಿಸಬಲ್ಲ ಒಬ್ಬನೇ ಮನುಷ್ಯ ಮನೆಯಲ್ಲೇ ಇದ್ದ. ಕತೆ ಅವನನ್ನು ಸಭೆಗೆ ಕಳಿಸಿಬಿಟ್ಟಿತು.

ಹಾಗಾದರೆ ಹವ್ಯಾಸಿ ವೀಕ್ಷಕ ನಿಜವಾಗಿ ಮಾಡುವ ಕೆಲಸವೇನು? ಬೆಳಕು ಏರಿಳಿಯುವ ನಕ್ಷತ್ರಗಳಿವೆ. ಅವನ್ನು ಚಂಚಲ ನಕ್ಷತ್ರ ಎನ್ನೋಣ. ತಿಮಿಂಗಿಲ ಪುಂಜದ ಮೀರಾ ಸುಮಾರು 332 ದಿನಕ್ಕೊಮ್ಮೆ ಬರಿಗಣ್ಣಿಗೆ ಕಾಣುವಷ್ಟು ಬೆಳಗಿ, ಮತ್ತೆ ಕಣ್ಣಿಗೆ ಕಾಣದಷ್ಟು ಕುಗ್ಗುತ್ತದೆ. ಇಂಥ ನಕ್ಷತ್ರದ ಆಚೀಚೆ ಬೆಳಕು ಬದಲಾಗದ ನಕ್ಷತ್ರಗಳನ್ನು ಗುರುತಿಟ್ಟುಕೊಂಡು, ಇದು ಅದಕ್ಕಿಂತ ಮಂಕು, ಇದಕ್ಕಿಂತ ಪ್ರಖರ ಎಂದು ಕಣ್ಣಲ್ಲೇ ತೂಗಿ ಒಂದು ಅಂಕಿ ಬರೆಯಬೇಕು. ಒಂದರ ಕಾಂತಿಮಾನ 8.3, ಇನ್ನೊಂದರದು 8.9 ಆಗಿದ್ದು, ನಮ್ಮದು ನಡುಮಧ್ಯೆ ಇದ್ದರೆ 8.6. ಅಂಕಿ ಹೆಚ್ಚಿದಷ್ಟೂ ನಕ್ಷತ್ರ ಮಂಕು. ನಕ್ಷತ್ರಪಟದಲ್ಲಿ ದಶಾಂಶದ ಚುಕ್ಕಿಯನ್ನೇ ಬಿಟ್ಟು 83, 89 ಎಂದು ಅಚ್ಚು ಹಾಕುತ್ತಾರೆ. ಇಲ್ಲದಿದ್ದರೆ ಆ ಚುಕ್ಕಿಯನ್ನೂ ನಕ್ಷತ್ರ ಎಂದುಕೊಳ್ಳುವ ಅಪಾಯ. ಅಂಕಿಯ ಪಕ್ಕ ಹೊತ್ತು, ನೋಡಿದವರ ಗುರುತಿನ ಅಕ್ಷರ. ಅಲ್ಲಿಗೆ ಒಂದು ವೀಕ್ಷಣೆ ಮುಗಿಯಿತು.

ಇದರಲ್ಲಿ ಎರಡು ಕಟ್ಟುಪಾಡುಗಳಿವೆ. ನಿನ್ನೆ ಎಷ್ಟು ಬರೆದಿದ್ದೆ, ಬೇರೆಯವರು ಎಷ್ಟು ಬರೆದಿದ್ದಾರೆ ಎಂದು ನೋಡಿಕೊಂಡು ಇಂದಿನ ಅಂಕಿ ಬರೆಯಬಾರದು. ನಿರೀಕ್ಷೆ ಕಣ್ಣನ್ನು ಎಳೆಯುತ್ತದೆ. ಇನ್ನೊಂದು, ನಕ್ಷತ್ರ ಕಾಣದಿದ್ದರೆ ಪುಟ ಖಾಲಿ ಬಿಡಬಾರದು. ಇಷ್ಟು ಮಂಕು ನಕ್ಷತ್ರದವರೆಗೆ ಕಂಡಿತು, ನಮ್ಮ ನಕ್ಷತ್ರ ಕಾಣಲಿಲ್ಲ ಎಂದು ಬರೆಯಬೇಕು. ಅದೂ ಒಂದು ವೀಕ್ಷಣೆಯೇ. 1911ರಲ್ಲಿ ಶುರುವಾದ ಅಮೆರಿಕದ ಚಂಚಲ ನಕ್ಷತ್ರ ವೀಕ್ಷಕರ ಸಂಘ, ಅಂದರೆ ಎಎವಿಎಸ್‌ಒ, ಜಗತ್ತಿನಾದ್ಯಂತ ಹವ್ಯಾಸಿಗಳಿಂದ ಇಂಥ ಅಂಕಿಗಳನ್ನು ಕೋಟಿಗಟ್ಟಲೆ ಒಟ್ಟುಮಾಡಿದೆ. ‘ಕಾಣಲಿಲ್ಲ’ಗಳಿಗೂ ಅಲ್ಲಿ ಜಾಗವಿದೆ.

ದತ್ತಾದಾ ಕಾಲ್ಪನಿಕ. ಆದರೆ ಬಂಗಾಳದಲ್ಲೇ ಹೀಗೆ ಬದುಕಿದ ಒಬ್ಬರು ನಿಜವಾಗಿ ಇದ್ದರು: ರಾಧಾಗೋವಿಂದ ಚಂದ್ರ. ಹುಟ್ಟಿದ್ದು 1878ರಲ್ಲಿ, ಈಗಿನ ಬಾಂಗ್ಲಾದೇಶದಲ್ಲಿರುವ ಜೆಸ್ಸೋರಿನ ಕಡೆ. ಪ್ರವೇಶ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಡುಮ್ಕಿ ಹೊಡೆದು, ಸರ್ಕಾರಿ ಖಜಾನೆಯಲ್ಲಿ ನಾಣ್ಯ ಪರೀಕ್ಷಿಸುವ ಕೆಲಸಕ್ಕೆ ಸೇರಿದರು. ಹಗಲು ನಾಣ್ಯ, ರಾತ್ರಿ ನಕ್ಷತ್ರ. ಮೂರು ಅಂಗುಲದ ದೂರದರ್ಶಕ ಇಟ್ಟುಕೊಂಡು ನೋಡುತ್ತಿದ್ದವರು 1918ರ ಜೂನಿನಲ್ಲಿ ಗರುಡ ಪುಂಜದಲ್ಲಿ ಇದ್ದಕ್ಕಿದ್ದಂತೆ ಹೊತ್ತಿಕೊಂಡ ನೋವಾವನ್ನು ಸ್ವತಂತ್ರವಾಗಿ ಕಂಡರು. ಆ ಮೂಲಕ ಎಎವಿಎಸ್‌ಒ ನಂಟು ಬೆಳೆಯಿತು. 1926ರಲ್ಲಿ ಸಂಘ ಅವರಿಗೆ ಆರೂಕಾಲು ಅಂಗುಲದ ದೂರದರ್ಶಕವನ್ನೇ ಕಳಿಸಿಕೊಟ್ಟಿತು. 1954ರವರೆಗೆ ಅವರು ಕಳಿಸಿದ ವೀಕ್ಷಣೆಗಳು 37,000ಕ್ಕೂ ಹೆಚ್ಚು. ಅಮೆರಿಕದಲ್ಲಿ ಹಗಲಾದಾಗ ಇಲ್ಲಿ ರಾತ್ರಿ. ಅಲ್ಲಿನ ಹಾಳೆಯಲ್ಲಿ ಹಗಲಿನಿಂದ ಖಾಲಿ ಬೀಳುತ್ತಿದ್ದ ಜಾಗವನ್ನು ಜೆಸ್ಸೋರಿನ ಒಬ್ಬ ಗುಮಾಸ್ತ ತುಂಬುತ್ತಿದ್ದ. ದೇಶ ಒಡೆದ ಮೇಲೆ ಅವರು ಊರು ಬಿಟ್ಟು ಕೋಲ್ಕತ್ತದ ಬಳಿಯ ಬಾರಾಸತ್‌ಗೆ ಬಂದರು. ವಯಸ್ಸಾಗಿ ಕಣ್ಣು ಸೋತಾಗ, ಆ ದೂರದರ್ಶಕ ಮುಂದೆ ಭಾರತದ ಖಗೋಳ ವಿಜ್ಞಾನವನ್ನೇ ಕಟ್ಟಿದ ವೈನು ಬಾಪು ಅವರ ಕೈಗೆ ಹೋಯಿತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ರೂಪುಗೊಂಡದ್ದು ಈ ಬಾಪು ಅವರಿಂದಲೇ. ದತ್ತಾದಾ ಪತ್ರ ಬರೆದ ಸಂಸ್ಥೆಯೂ ಅದೇ. ರಾಧಾಗೋವಿಂದ ಚಂದ್ರ 1975ರಲ್ಲಿ ಬಡತನದಲ್ಲೇ ತೀರಿಕೊಂಡರು. ಯಾವ ಧೂಮಕೇತುವಿಗೂ ಅವರ ಹೆಸರಿಲ್ಲ.

ದತ್ತಾದಾ ಕತೆಯಾಗುತ್ತಾರೆ, ರಾಧಾಗೋವಿಂದರು ಆಗುವುದಿಲ್ಲ. ಏಕೆ? ಧೂಮಕೇತುವಿಗೆ ಆದಿ ಇದೆ, ಅಂತ್ಯ ಇದೆ, ಮೇಲೆ ಬೀಳುವ ಭಯ ಇದೆ. 37,000 ಅಂಕಿಗಳಿಗೆ ಏನಿದೆ? ಕತೆಗೆ ಘಟನೆ ಬೇಕು, ಅಭ್ಯಾಸ ಅದಕ್ಕೆ ಒಗ್ಗುವುದಿಲ್ಲ ಎಂದು ಸುಲಭವಾಗಿ ಹೇಳಿಬಿಡಬಹುದು. ಆ ಮಾತನ್ನು ಸುಳ್ಳು ಮಾಡುವ ಎರಡು ಪುಸ್ತಕಗಳು ಇಂಗ್ಲಿಷಿನಲ್ಲಿವೆ.

ಒಂದು, ಲೆಸ್ಲಿ ಪೆಲ್ಟಿಯರ್ ಬರೆದ ‘ಸ್ಟಾರ್‌ಲೈಟ್ ನೈಟ್ಸ್’. 1965ರ ಆತ್ಮಕಥೆ. ಪೆಲ್ಟಿಯರ್ ಅಮೆರಿಕದ ಒಹಾಯೊದ ರೈತರ ಮನೆಯ ಹುಡುಗ. 900 ಪುಟ್ಟಿ ಸ್ಟ್ರಾಬೆರಿ ಕಿತ್ತ ಕೂಲಿಯಿಂದ 18 ಡಾಲರ್ ಒಟ್ಟುಮಾಡಿ ಮೊದಲ ದೂರದರ್ಶಕ ಕೊಂಡವನು. 1918ರಿಂದ 1980ರಲ್ಲಿ ಸಾಯುವವರೆಗೆ ಸುಮಾರು 1,32,000 ವೀಕ್ಷಣೆ ಬರೆದ. ಹನ್ನೆರಡು ಧೂಮಕೇತುಗಳನ್ನೂ ಕಂಡ. ಪುಸ್ತಕದ ಜೀವ ಇರುವುದು ಮಾತ್ರ ಅವನ ಕಣ್ಣಿಗೆ ಬೀಳದ ಒಂದು ಘಟನೆಯಲ್ಲಿ. ಉತ್ತರ ಕಿರೀಟ ಪುಂಜದಲ್ಲಿ ಟಿ ಕರೋನೆ ಬೊರಿಯಾಲಿಸ್ ಎಂಬ ನಕ್ಷತ್ರವಿದೆ. 1866ರಲ್ಲಿ ಒಮ್ಮೆ ಸ್ಫೋಟಿಸಿ ಬರಿಗಣ್ಣಿಗೆ ಕಂಡು ಮತ್ತೆ ಮಲಗಿತ್ತು. ಅದು ಏಳುವುದನ್ನು ನೋಡಬೇಕೆಂದು ಪೆಲ್ಟಿಯರ್ ಇಪ್ಪತ್ತೈದು ವರ್ಷ ಕಾದ. 1946ರ ಫೆಬ್ರವರಿಯ ಒಂದು ಬೆಳಗಿನ ಜಾವ ಅಲಾರಂ ಇಟ್ಟು ಎದ್ದ. ನೆಗಡಿಯಾಗುವ ಲಕ್ಷಣ ಕಂಡು ಮತ್ತೆ ಹೊದ್ದು ಮಲಗಿದ. ನಕ್ಷತ್ರ ಎದ್ದದ್ದು ಅದೇ ರಾತ್ರಿ.

ಈ ಪ್ರಸಂಗವನ್ನು ಪೆಲ್ಟಿಯರ್ ಹೇಳುವ ಬಗೆಯಲ್ಲಿ ಅಳು ಇಲ್ಲ, ತತ್ತ್ವವೂ ಇಲ್ಲ. ಹಳೆಯ ಗೆಳೆಯನೊಬ್ಬ ತನಗೆ ಹೇಳದೆ ಮದುವೆಯಾದ ಎಂಬಂಥ ಹುಸಿಮುನಿಸು ಇದೆ. ಆಮೇಲೂ ಅದೇ ನಕ್ಷತ್ರವನ್ನು ನೋಡುವುದನ್ನು ಅವನು ಬಿಡುವುದಿಲ್ಲ. ಆ ಪುಟ ಓದುವಾಗ ನಮ್ಮ ಎದೆಗೆ ತಾಕುವುದು ಆ ರಾತ್ರಿಯ ನಷ್ಟ ಒಂದೇ ಅಲ್ಲ, ಅದಕ್ಕೆ ಮುಂಚಿನ ಇಪ್ಪತ್ತೈದು ವರ್ಷದ ಭಾರ. ಆ ಭಾರವನ್ನು ಲೇಖಕ ಮೊದಲೇ ನಮ್ಮ ಹೆಗಲಿಗೆ ಏರಿಸಿರುತ್ತಾನೆ. ಪುಟಪುಟದಲ್ಲೂ ಬರುವ ಸಣ್ಣ ರಾತ್ರಿಗಳು, ಹಿಮ, ಹೊಲ, ಕಾಲುದಾರಿ ಅದಕ್ಕಾಗಿಯೇ ಇವೆ. ಅಭ್ಯಾಸವನ್ನು ಕತೆ ಮಾಡುವ ಹದ ಇದು.

ಇನ್ನೊಂದು ಬಿಲ್ ಬ್ರೈಸನ್ ಬರೆದ ‘ಎ ಶಾರ್ಟ್ ಹಿಸ್ಟರಿ ಆಫ್ ನಿಯರ್ಲಿ ಎವೆರಿಥಿಂಗ್’. ಅದರಲ್ಲಿ ಒಂದು ಅಧ್ಯಾಯ ಆಸ್ಟ್ರೇಲಿಯಾದ ಪಾದ್ರಿ ರಾಬರ್ಟ್ ಇವಾನ್ಸ್ ಅವರದು. ಸೂಪರ್‌ನೋವಾ ಎಂದರೆ ಇಡೀ ನಕ್ಷತ್ರ ಒಡೆದು, ಕೆಲವು ವಾರ ತನ್ನ ಬ್ರಹ್ಮಾಂಡದಷ್ಟೇ ಬೆಳಗುವ ಸ್ಫೋಟ. ಇವಾನ್ಸ್ ಸಾವಿರಾರು ಬ್ರಹ್ಮಾಂಡಗಳ ಚಿತ್ರವನ್ನು ಬಾಯಿಪಾಠದಂತೆ ಮನಸ್ಸಿನಲ್ಲಿಟ್ಟುಕೊಂಡು, ಹೊಸ ಚುಕ್ಕಿ ಎದ್ದರೆ ಕಣ್ಣಿಂದಲೇ ಹಿಡಿಯುತ್ತಿದ್ದರು. ಹೀಗೆ 42 ಸೂಪರ್‌ನೋವಾ ಕಂಡರು. ಬ್ರೈಸನ್ ಹಾಸ್ಯದ ಬರಹಗಾರ, ಅಚ್ಚರಿಯ ವ್ಯಾಪಾರಿ. ಇವಾನ್ಸ್ ಅವರನ್ನು ಪವಾಡಪುರುಷನನ್ನಾಗಿ ಮಾಡಿ ಬಿಟ್ಟಿದ್ದರೆ ಯಾರೂ ಬೇಸರಪಡುತ್ತಿರಲಿಲ್ಲ. ಆದರೆ ಅವರು ಇವಾನ್ಸ್ ಬಾಯಿಂದ ಒಂದು ಮುಖ್ಯ ಮಾತು ಹೊರಡಿಸುತ್ತಾರೆ: ಏನೂ ಸಿಗದ ರಾತ್ರಿಗೂ ಬೆಲೆಯಿದೆ ಎಂದು. ಅದು ಸಮಾಧಾನದ ಮಾತಾಗಿರಲಿಲ್ಲ. ಇವಾನ್ಸ್ ಯಾವ ಬ್ರಹ್ಮಾಂಡವನ್ನು ಎಷ್ಟು ಸಲ ನೋಡಿದರು, ಎಷ್ಟು ಸಲ ಏನೂ ಇರಲಿಲ್ಲ ಎಂಬ ಲೆಕ್ಕವನ್ನೇ ಹಿಡಿದು ಅವರೂ ಸಿಡ್ನಿ ವ್ಯಾನ್ ಡೆನ್ ಬರ್ಗ್ ಮತ್ತು ರಾಬರ್ಟ್ ಮೆಕ್‌ಕ್ಲೂರ್ ಎಂಬ ಖಗೋಳಜ್ಞರೂ ಸೇರಿ 1987ರಲ್ಲಿ ಸೂಪರ್‌ನೋವಾಗಳು ಎಷ್ಟು ಕಾಲಕ್ಕೊಮ್ಮೆ ಆಗುತ್ತವೆ ಎಂದು ಅಂದಾಜು ಕಟ್ಟಿದರು. ‘ಕಂಡಿತು’ಗಳನ್ನು ಭಾಗಿಸಲು ‘ಕಾಣಲಿಲ್ಲ’ಗಳು ಬೇಕು.

ಅರ್ಜೆಂಟೀನಾದ ರೊಸಾರಿಯೊ ಊರಿನ ಬೀಗದ ಕೆಲಸದ ವಿಕ್ಟರ್ ಬುಸೊ ಅವರ ಪ್ರಸಂಗ ಇದನ್ನು ಇನ್ನೂ ಸ್ಪಷ್ಟ ಮಾಡುತ್ತದೆ. 2016ರ ಸೆಪ್ಟೆಂಬರ್ 20ರಂದು ಅವರು ತಮ್ಮ ಹೊಸ ಕ್ಯಾಮೆರಾ ಪರೀಕ್ಷಿಸಲು ಎನ್‌ಜಿಸಿ 613 ಎಂಬ ಬ್ರಹ್ಮಾಂಡದ ಚಿತ್ರಗಳನ್ನು ಒಂದರ ಹಿಂದೊಂದು ತೆಗೆಯುತ್ತಿದ್ದರು. ಮೊದಲ ಚಿತ್ರಗಳಲ್ಲಿ ಏನೂ ಇಲ್ಲ. ಸ್ವಲ್ಪ ಹೊತ್ತಿನ ನಂತರದ ಚಿತ್ರಗಳಲ್ಲಿ ಒಂದು ಚುಕ್ಕಿ, ಮುಂದಕ್ಕೆ ಮುಂದಕ್ಕೆ ಪ್ರಖರ. ಸೂಪರ್‌ನೋವಾದ ಮೊದಲ ಬೆಳಕು ಹೀಗೆ ಸಿಕ್ಕಿತು. 2018ರಲ್ಲಿ ಅದು ‘ನೇಚರ್’ ಪತ್ರಿಕೆಯಲ್ಲಿ ಬಂತು. ಚುಕ್ಕಿ ಇದ್ದ ಚಿತ್ರಗಳಷ್ಟೇ ಚುಕ್ಕಿ ಇಲ್ಲದ ಚಿತ್ರಗಳಿಗೂ ಅಲ್ಲಿ ಬೆಲೆ. ಹುಟ್ಟಿದ ಗಳಿಗೆಯನ್ನು ಹೇಳಿದ್ದು ಅವೇ.

ಈಗ ನಾರ್ಳೀಕರರ ಆ ಎರಡು ಲೇಖನಗಳಿಗೆ ಬರೋಣ.

1054ರ ಜುಲೈನಲ್ಲಿ ವೃಷಭ ರಾಶಿಯಲ್ಲಿ ಒಂದು ಸೂಪರ್‌ನೋವಾ ಕಾಣಿಸಿತು. ಅದರ ಉಳಿಕೆಯೇ ಇಂದಿನ ಏಡಿ ನೀಹಾರಿಕೆ. ಚೀನಾದವರು ಬರೆದಿಟ್ಟ ಪ್ರಕಾರ 23 ದಿನ ಹಗಲಲ್ಲೇ ಕಾಣುತ್ತಿತ್ತು, ರಾತ್ರಿಯಲ್ಲಿ ಎರಡು ವರ್ಷದ ಹತ್ತಿರ ಉಳಿಯಿತು. ನಮ್ಮವರು ನೋಡಲಿಲ್ಲವೇ? ನೋಡಿದ್ದರೆ ಎಲ್ಲಿ ಬರೆದರು? ಈ ಪ್ರಶ್ನೆ ಹಿಡಿದು ನಾರ್ಳೀಕರ್, ಪುಣೆಯ ಸಂಸ್ಕೃತ ವಿದ್ವಾಂಸೆ ಸರೋಜಾ ಭಾಟೆ ಅವರ ಜೊತೆ ಹಳೆಯ ಗ್ರಂಥಗಳನ್ನು ಜಾಲಾಡಿಸಿದರು. 2001ರಲ್ಲಿ ‘ಕರೆಂಟ್ ಸೈನ್ಸ್’ನಲ್ಲಿ ಪ್ರಕಟಿಸಿದರು. ಇದೇ ಅದು ಎಂದು ಖಚಿತವಾಗಿ ಬೆರಳಿಡಬಹುದಾದ ದಾಖಲೆ ಸಿಗಲಿಲ್ಲ. ನಮ್ಮ ಪೂರ್ವಿಕರಿಗೆ ಎಲ್ಲವೂ ಗೊತ್ತಿತ್ತು ಎಂದು ಕೇಳಲು ಕಾದಿರುವ ದೇಶದಲ್ಲಿ, ಎಲ್ಲೋ ಒಂದು ಶ್ಲೋಕವನ್ನು ಎಳೆದು ಜಗ್ಗಿ ಸೂಪರ್‌ನೋವಾ ಮಾಡುವುದು ಕಷ್ಟವಿರಲಿಲ್ಲ. ಅವರು ಹುಡುಕಿದ್ದನ್ನೂ ಬರೆದರು, ಸಿಗದದ್ದನ್ನೂ ಬರೆದರು. ಚಂಚಲ ನಕ್ಷತ್ರ ವೀಕ್ಷಕನ ‘ಇಷ್ಟರವರೆಗೆ ನೋಡಿದೆ, ಕಾಣಲಿಲ್ಲ’ ಎಂಬ ಸಾಲು ಇದು.

ಕನ್ನಡದ ಓದುಗರಿಗೆ ಈ ಹುಡುಕಾಟ ಪರಕೀಯ ಅಲ್ಲ. 1054 ಎಂದರೆ ಶಕ 976, ಜಯ ಸಂವತ್ಸರ. ಕಲ್ಯಾಣದಲ್ಲಿ ಚಾಲುಕ್ಯ ಸೋಮೇಶ್ವರ ಆಳುತ್ತಿದ್ದ ಕಾಲ. ಆ ಶತಮಾನದಲ್ಲಿ ನಮ್ಮ ನಾಡಿನ ಕಲ್ಲುಗಳು ಮಾತನಾಡಿದಷ್ಟು ಬೇರೆ ಕಾಲದಲ್ಲಿ ಮಾತನಾಡಿದ್ದು ಕಡಿಮೆ. ಸೂರ್ಯಗ್ರಹಣದ ನಿಮಿತ್ತ, ಸಂಕ್ರಮಣದ ನಿಮಿತ್ತ, ವ್ಯತೀಪಾತದ ನಿಮಿತ್ತ ದಾನ ಕೊಟ್ಟ ಲೆಕ್ಕ ಊರೂರಿನ ಶಾಸನದಲ್ಲಿದೆ. ಬಿ.ಎಸ್. ಶೈಲಜಾ ಮತ್ತು ಗೀತಾ ಕೈದಾಳ ಇಂಥ ಶಾಸನಗಳ ಗ್ರಹಣಗಳನ್ನು ಲೆಕ್ಕ ಹಾಕಿ ತಾಳೆ ನೋಡಿದ್ದಾರೆ. ಜುಲೈ ನಮಗೆ ಮಳೆಗಾಲ, ಮೋಡ ಮುಚ್ಚಿರಬಹುದು. ಆದರೆ ಎರಡು ವರ್ಷ ಮೋಡ ಮುಚ್ಚುವುದಿಲ್ಲ. ನನ್ನ ಊಹೆ ಇಷ್ಟೇ: ಶಾಸನಕ್ಕೆ ಆಕಾಶ ಬೇಕಾಗುತ್ತಿದ್ದದ್ದು ಪುಣ್ಯದ ಮುಹೂರ್ತವಾಗಿ. ಪಂಚಾಂಗದಲ್ಲಿ ಇಲ್ಲದ ಬೆಳಕಿಗೆ ದಾನದ ಲೆಕ್ಕದಲ್ಲಿ ಜಾಗ ಎಲ್ಲಿ? ಕೆಲಸಕ್ಕೆ ಬಂದ ಆಕಾಶವನ್ನು ಬರೆದಿಟ್ಟೆವು, ಬರಿದೇ ಕಂಡ ಆಕಾಶವನ್ನು ಬಿಟ್ಟೆವು.

ಎರಡನೇ ಲೇಖನ ಜಾತಕದ್ದು. ನಾರ್ಳೀಕರ್, ನರೇಂದ್ರ ದಾಭೋಲ್ಕರ್ ಮುಂತಾದವರು ಸೇರಿ ಮಹಾರಾಷ್ಟ್ರದ ಜ್ಯೋತಿಷಿಗಳಿಗೆ ಬಹಿರಂಗ ಆಹ್ವಾನ ಕೊಟ್ಟರು. ಓದಿನಲ್ಲಿ ಮುಂದಿದ್ದ ಮಕ್ಕಳದೂ ಬುದ್ಧಿಮಾಂದ್ಯ ಮಕ್ಕಳದೂ ಒಟ್ಟು 200 ಜಾತಕ. ಒಬ್ಬೊಬ್ಬರಿಗೆ 40 ಕೊಟ್ಟು ಯಾವುದು ಯಾರದೆಂದು ಹೇಳಿ ಎಂದರು. ಉತ್ತರ ಕಳಿಸಿದ 27 ಜನರ ಸರಾಸರಿ ನೂರಕ್ಕೆ 46. ನಾಣ್ಯ ಚಿಮ್ಮಿದರೂ ಐವತ್ತರ ಆಸುಪಾಸು ಬರುತ್ತದೆ. ಇಂದ್ರಾಣಿಗೆ ಕತೆಯಲ್ಲಿ ಸಿಗದ ಉತ್ತರ ಇದೇ ಅಲ್ಲವೇ? ಇಲ್ಲಿ ಗುಟ್ಟಿನ ಸಭೆ ಇಲ್ಲ. ಸರಿ ಎಷ್ಟು, ತಪ್ಪು ಎಷ್ಟು ಎಂಬ ಎರಡು ಕಂಬಸಾಲು ಇವೆ. ಬೇಕಾದವರು ಇನ್ನೊಮ್ಮೆ ಎಣಿಸಬಹುದು. ದಾಭೋಲ್ಕರ್ ಅವರನ್ನು 2013ರ ಆಗಸ್ಟ್ 20ರಂದು ಇದೇ ಪುಣೆಯಲ್ಲಿ ಬೆಳಗಿನ ನಡಿಗೆಯ ಹೊತ್ತಿಗೆ ಕೊಂದರು. ಆದ್ದರಿಂದ ಈ ಎಣಿಕೆಯನ್ನು ಮಕ್ಕಳಾಟ ಎನ್ನಲಾಗದು.

ಎರಡೂ ಲೇಖನಗಳು ‘ಧೂಮಕೇತು’ವಿಗಿಂತ ಒಳ್ಳೆಯ ಕತೆಗಳು ಎಂದರೆ ಅತಿಯಾದೀತೇ? ಅವುಗಳಲ್ಲಿ ಸಸ್ಪೆನ್ಸ್ ಇದೆ, ಪಾತ್ರಗಳಿವೆ, ಸೋಲಿದೆ. ಮುಖ್ಯವಾಗಿ, ಓದುಗನನ್ನು ನಂಬು ಎನ್ನುವ ಬದಲು ಎಣಿಸು ಎನ್ನುವ ಸ್ವಭಾವವಿದೆ. ಕತೆ ಬರೆಯಲು ಕೂತಾಗ ನಾರ್ಳೀಕರರು ಜನಪ್ರಿಯ ವಿಜ್ಞಾನಕತೆಯ ಅಚ್ಚನ್ನು ಹಾಗೇ ತೆಗೆದುಕೊಂಡರು. ಜಗತ್ತು ಮುಳುಗುತ್ತದೆ, ತಜ್ಞರು ಉಳಿಸುತ್ತಾರೆ. ಆ ಅಚ್ಚಿನಲ್ಲಿ ‘ಕಾಣಲಿಲ್ಲ’ ಕೂರುವುದಿಲ್ಲ.

ಪುಣೆಯ ಆಕಾಶದ ಚರಿತ್ರೆಯೂ ಇದನ್ನೇ ಹೇಳುತ್ತದೆ. 1880ರ ದಶಕದ ಕೊನೆಯಲ್ಲಿ ಇಲ್ಲಿನ ವಿಜ್ಞಾನ ಕಾಲೇಜಿನಲ್ಲಿ ಮಹಾರಾಜ ತಖ್ತಸಿಂಗ್‌ಜಿ ವೀಕ್ಷಣಾಲಯ ಎದ್ದಿತು. ಪ್ರೊಫೆಸರ್ ನಾಯೆಗಾಂವಾಲಾ ಅವರ ಕೈಯಲ್ಲಿದ್ದ ಇಪ್ಪತ್ತು ಅಂಗುಲದ ದೂರದರ್ಶಕ ಆಗ ದೇಶದಲ್ಲೇ ದೊಡ್ಡದು. 1912ರಲ್ಲಿ ಅವರು ನಿವೃತ್ತರಾದರು, ವೀಕ್ಷಣಾಲಯ ಮುಚ್ಚಿತು, ದೂರದರ್ಶಕ ಕೊಡೈಕನಾಲಿಗೆ ಹೋಯಿತು. 1944ರಲ್ಲಿ ಹವ್ಯಾಸಿಗಳು ಸೇರಿ ಕಟ್ಟಿದ ಜ್ಯೋತಿರ್ವಿದ್ಯಾ ಪರಿಸಂಸ್ಥೆ ಟಿಳಕ್ ರಸ್ತೆಯ ಟಿಳಕ್ ಸ್ಮಾರಕ ಮಂದಿರದಲ್ಲಿ ಇಂದಿಗೂ ಇದೆ. ದೇಶದ ಅತ್ಯಂತ ಹಳೆಯ ಹವ್ಯಾಸಿ ಖಗೋಳ ಸಂಘ ಅದು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸುವ ಗುಣ ಇರುವುದರಿಂದ ಉಳಿದಿದೆ. ನಾರ್ಳೀಕರ್ 1988ರಲ್ಲಿ ಅಯುಕಾ ಕಟ್ಟಿದಾಗ ಅದರ ಬಾಗಿಲನ್ನು ಶಾಲಾ ಮಕ್ಕಳಿಗೂ ಹವ್ಯಾಸಿಗಳಿಗೂ ತೆರೆದಿಟ್ಟರು. ದತ್ತಾದಾಗಳ ಬೆಲೆ ಅವರಿಗೆ ತಿಳಿದಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕನ್ನಡದಲ್ಲಿ ನಮಗೆ ಆಕಾಶ ತೋರಿಸಿದ ಹಿರಿಯರಿಗೆ ಕೊರತೆಯಿಲ್ಲ. ಮದ್ರಾಸು ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿ 1867ರಲ್ಲೇ ಆರ್ ರೆಟಿಕ್ಯುಲಿ ಎಂಬ ಚಂಚಲ ನಕ್ಷತ್ರವನ್ನು ಗುರುತಿಸಿದವರು. 1874ರ ಶುಕ್ರ ಸಂಕ್ರಮಣದ ಬಗ್ಗೆ ಅವರು ಬರೆದ ಪುಸ್ತಿಕೆ ಕನ್ನಡದಲ್ಲೂ ಬಂದಿತ್ತು. ಶಿವರಾಮ ಕಾರಂತರು ಖಗೋಳದ ಬಗ್ಗೆ ಬರೆದರು. ಜಿ.ಟಿ. ನಾರಾಯಣ ರಾವ್ ಅವರ ‘ನಕ್ಷತ್ರ ವೀಕ್ಷಣೆ’ ಹಿಡಿದು ತಾರಸಿ ಹತ್ತಿದ ಒಂದು ಪೀಳಿಗೆಯೇ ಇದೆ. ಇವೆಲ್ಲ ನೋಡಲು ಕಲಿಸಿದ ಬರಹಗಳು. ನೋಡಿದ ಮೇಲೆ ಬರೆದಿಡುವವನ ಒಳಜಗತ್ತು ಮಾತ್ರ ನಮ್ಮ ಕತೆ ಕಾದಂಬರಿಗೆ ಇನ್ನೂ ಬಂದಿಲ್ಲ ಎಂದೇ ನನ್ನ ಓದಿನ ಅನುಭವ. ನಕ್ಷತ್ರ ನಮ್ಮಲ್ಲಿ ಉಪಮೆಯಾಗಿ ಬರುತ್ತದೆ, ದೇವತೆಯಾಗಿ ಬರುತ್ತದೆ, ಮಳೆಯಾಗಿ ಬರುತ್ತದೆ. ಆರಿದ್ರೆ ಮಳೆ ಗೊತ್ತಿಲ್ಲದ ರೈತರಿಲ್ಲ. ಆದರೆ ಆರಿದ್ರೆ ಮಳೆ ಸುರಿಯುವಾಗ ಆ ನಕ್ಷತ್ರ ಸೂರ್ಯನ ದಿಕ್ಕಿನಲ್ಲಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಕಾಣುವುದು ಚಳಿಗಾಲದಲ್ಲಿ. 2019ರ ಕೊನೆಯಿಂದ 2020ರ ಫೆಬ್ರವರಿವರೆಗೆ ಇದೇ ಆರಿದ್ರೆ ಹಿಂದೆಂದೂ ಅಳೆಯದಷ್ಟು ಮಂಕಾಗುತ್ತ ಹೋಯಿತು. ಸೂಪರ್‌ನೋವಾ ಆಗಿಯೇಬಿಡುತ್ತದೆ ಎಂದು ಪತ್ರಿಕೆಗಳು ಬರೆದವು. ನಕ್ಷತ್ರವೇ ಉಗುಳಿದ ದೂಳು ಬೆಳಕಿಗೆ ಅಡ್ಡ ಬಂದದ್ದು ಎಂದು ಆಮೇಲೆ ತಿಳಿಯಿತು. ಅಷ್ಟು ಕುಗ್ಗಿದ್ದು ಅಪರೂಪ ಎಂದು ಹೇಳಲು ಸಾಧ್ಯವಾದದ್ದು, ಅದಕ್ಕೆ ಮುಂಚಿನ ಸುಮಾರು ನೂರು ವರ್ಷದ ಅಂಕಿಗಳನ್ನು ಹವ್ಯಾಸಿಗಳು ಬರೆದಿಟ್ಟಿದ್ದರಿಂದ.

ಈಗ ಯಂತ್ರಗಳಿವೆಯಲ್ಲ, ಕಣ್ಣು ಏಕೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇಡೀ ಆಕಾಶವನ್ನು ಕೆಲವೇ ರಾತ್ರಿಗಳಲ್ಲಿ ಗುಡಿಸಿ ನೋಡುವ ಸ್ವಯಂಚಾಲಿತ ಕ್ಯಾಮೆರಾಗಳು ಸೂಪರ್‌ನೋವಾಗಳನ್ನು ರಾಶಿ ರಾಶಿ ಹಿಡಿಯುತ್ತಿವೆ. ಇವಾನ್ಸ್ ಅವರ ಬಾಯಿಪಾಠಕ್ಕೆ ಇನ್ನು ಆ ಕೆಲಸವಿಲ್ಲ. ಆದರೂ ಆ ಕ್ಯಾಮೆರಾಗಳಿಗೆ ಆರಿದ್ರೆಯಂಥ ಪ್ರಖರ ನಕ್ಷತ್ರ ಕಣ್ಣು ಕೋರೈಸುವಷ್ಟು ಬೆಳಕು. ಅಲ್ಲಿ ಇನ್ನೂ ಹವ್ಯಾಸಿ ಬೇಕು. 2023ರ ಮೇ 19ರಂದು ಎಂ 101 ಬ್ರಹ್ಮಾಂಡದ ಸೂಪರ್‌ನೋವಾವನ್ನು ಮೊದಲು ಕಂಡದ್ದು ಜಪಾನಿನ ಹವ್ಯಾಸಿ ಕೊಯಿಚಿ ಇತಾಗಾಕಿ. ಒಂದು ದಿನ ಈ ಅವಕಾಶವೂ ಮುಗಿಯಬಹುದು. ಮುಗಿದರೂ ಈ ಅಭ್ಯಾಸದಿಂದ ಬರುವ ಗುಣಕ್ಕೆ ಕೆಲಸ ಇದ್ದೇ ಇರುತ್ತದೆ: ನಿರೀಕ್ಷೆಯನ್ನು ಬದಿಗಿಟ್ಟು ನೋಡು, ಕಂಡಷ್ಟೇ ಬರೆ, ಕಾಣದಿದ್ದರೆ ಅದನ್ನೂ ಬರೆ.

ವಿಮರ್ಶೆ ಬರೆಯುವವರಿಗೂ ಈ ಮೂರು ಮಾತು ಸಲ್ಲುತ್ತವೆ. ಅದೇ ಅಳತೆಯಿಂದ ‘ಧೂಮಕೇತು’ವನ್ನು ತೂಗಿದರೆ, ಅರ್ಧ ಒಳ್ಳೆಯ ಕತೆ ಎನ್ನುತ್ತೇನೆ. ದಿವ್ಯಚಕ್ಷುವಿನ ಮುಂದೆ ದತ್ತಾದಾ ನಡುಗುತ್ತ ಕೂತಿರುವ ಮೊದಲ ಅರ್ಧ ಉಳಿಯುತ್ತದೆ. ಮಕ್ಕಳಿಗೆ ಓದಿಸುವಾಗ ಅಲ್ಲಿ ನಿಲ್ಲಿಸಿ, ಅವರು ಮರುದಿನ ಏನು ಬರೆದಿರಬಹುದು ಎಂದು ಕೇಳಿ ನೋಡಿ. ಪೆಲ್ಟಿಯರನ ನಕ್ಷತ್ರ 2024ರಲ್ಲೇ ಮತ್ತೆ ಏಳಬಹುದೆಂದು ಕೆಲವರು ಅಂದಾಜು ಮಾಡಿದ್ದರು. ಆ ವರ್ಷ ಏನೂ ಆಗದೆ ಕಳೆಯಿತು. ಊರೂರಿನ ಹವ್ಯಾಸಿಗಳ ಪುಸ್ತಕದಲ್ಲಿ ಆ ವರ್ಷದ ಸಾಲುಗಳು ಮಾತ್ರ ತುಂಬಿವೆ. ಬಹುಪಾಲು ಸಾಲುಗಳು ಹೇಳುವುದು ಒಂದೇ, ಸುಮಾರು ಹತ್ತನೇ ಕಾಂತಿಮಾನ, ಬದಲಾವಣೆ ಇಲ್ಲ. ಆ ಸಾಲುಗಳನ್ನು ಬರೆದವರ ಕತೆ ಕನ್ನಡದಲ್ಲಿ ಯಾರಾದರೂ ಬರೆಯಬೇಕು.